‘ಅವು ನಮ್ಮ ಕುರಿಗಳಲ್ಲ’ ಎನ್ನುವ ಮಾವ

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ಹೆದ್ದಾರಿಯ ಪಕ್ಕ ಹನ್ನೊಂದು ವರ್ಷದಿಂದ ಮಾಂಸಾಹಾರಿ ಖಾನಾವಳಿ ನಡೆಸುತ್ತಿದ್ದೇನೆ. ಮೊದಲು ಅಮೀನಗಡದ ಸಂತೆಯಿಂದ ಕುರಿ ತರುತ್ತಿದ್ದೆವು. ಎರಡು ವರ್ಷದಿಂದ ಮೈದುನನ ಶೆಡ್ಡಿನಿಂದ ಬರುತ್ತವೆ. ಅವನು ಮನೆಯ ಹಳೆಯ ಕರಿ ಕುರಿಗಳ ಹಿಂಡನ್ನು ಮಾರಿ, ಮಹಾರಾಷ್ಟ್ರದ ಕಡೆಯಿಂದ ‘ನಾರಿ ಸುವರ್ಣ’ ಎಂಬ ತಳಿ ತಂದಿದ್ದಾನೆ. ಬಹಳಷ್ಟು ಕುರಿಗಳು ಎರಡೆರಡು ಮರಿ ಹಾಕುತ್ತವೆ. ಯಾರೋ ಆ ಮರಿಗಳ ವಿಡಿಯೊ ಮಾಡಿ, ‘ಇವು ಕ್ಲೋನ್ ಕುರಿಗಳು, ಈ ಮಾಂಸ ತಿಂದರೆ ಮಕ್ಕಳಾಗುವುದಿಲ್ಲ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟರು. ಗಿರಾಕಿಗಳು ಕಡಿಮೆಯಾಗಿದ್ದಾರೆ. ಎಪ್ಪತ್ತಾರು ವರ್ಷದ ಮಾವ ಕಾರಹುಣ್ಣಿಮೆಯಿಂದ ಈಚೆಗೆ ಮನೆಯಲ್ಲಿ ಮಾಂಸ ಮುಟ್ಟಿಲ್ಲ. ‘ಅವು ನಮ್ಮ ಕುರಿಗಳಲ್ಲ’ ಎಂದು ರೊಟ್ಟಿ, ಪುಂಡಿಪಲ್ಲೆ ಉಂಡು ಏಳುತ್ತಾರೆ. ‘ಇಲ್ಲಿ ಕ್ಲೋನ್ ಮಾಂಸ ಬಳಸುವುದಿಲ್ಲ’ ಎಂದು ಬೋರ್ಡ್ ಹಾಕಿ ಮತ್ತೆ ಸಂತೆಯ ಕುರಿಯನ್ನೇ ತರೋಣ ಎನ್ನುವುದು ಮಗನ ಹಟ. ಪೇಂಟರನಿಗೆ ಮುಂಗಡವನ್ನೂ ಕೊಟ್ಟಿದ್ದಾನೆ. ಇದು ಕಿವಿಗೆ ಬಿದ್ದ ಮೇಲೆ ಮೈದುನ ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ನಾನು ಯಾರ ಮಾತು ಕೇಳಲಿ? ನಿಜವಾದ ಕ್ಲೋನ್ ಮಾಂಸ ತಿಂದರೆ ಏನಾಗುತ್ತದೆ? ನೀವಾಗಿದ್ದರೆ ತಿನ್ನುತ್ತಿದ್ದಿರಾ?

– ಹೆಸರು ಬೇಡ, ಬಾಗಲಕೋಟೆ ಜಿಲ್ಲೆ

ಉತ್ತರ: ಪೇಂಟರನಿಗೆ ಕೊಟ್ಟ ಮುಂಗಡ ಹೋದರೆ ಹೋಗಲಿ, ಬೋರ್ಡ್ ಬೇಡ.

ಹಾಲಿನ ಅಂಗಡಿಯೊಂದರ ಮುಂದೆ ‘ನಮ್ಮ ಹಾಲಿನಲ್ಲಿ ಯೂರಿಯಾ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ನೀವು ಅಲ್ಲಿ ನಿಲ್ಲುತ್ತೀರಾ, ಮುಂದಿನ ಅಂಗಡಿಗೆ ನಡೆಯುತ್ತೀರಾ? ಸೊಲ್ಲಾಪುರದಿಂದ ಹುಬ್ಬಳ್ಳಿಗೆ ಹೊರಟು, ಹಸಿದು ನಿಮ್ಮಲ್ಲಿ ಇಳಿದವನು ಕ್ಲೋನ್ ಬಗ್ಗೆ ಯೋಚಿಸಿಯೇ ಇರುವುದಿಲ್ಲ. ನಿಮ್ಮ ಬೋರ್ಡ್ ಅವನಿಗೆ ಅದನ್ನು ಕಲಿಸುತ್ತದೆ, ರೊಟ್ಟಿ ಮುರಿದಾಗಲೆಲ್ಲ ನೆನಪಿಸುತ್ತದೆ. ಜೊತೆಗೆ, ಆ ಒಂದು ಸಾಲು ಮೈದುನನ ಮೇಲೆ ಸ್ವಂತ ಮನೆಯವರೇ ಹೊರಿಸಿದ ಆರೋಪವಾಗುತ್ತದೆ. ವಿಡಿಯೊ ಮಾಡಿದವನ ಹೆಸರು ಊರಿಗೆ ಗೊತ್ತಿಲ್ಲ, ನಿಮ್ಮ ಹೆಸರು ಗೊತ್ತಿದೆ. ಅತ್ತಿಗೆಯೇ ಬರೆಸಿ ಹಾಕಿದ ಮೇಲೆ ಅವನ ಶೆಡ್ಡಿನ ಕುರಿಯನ್ನು ಯಾರು ಕೊಳ್ಳುತ್ತಾರೆ?

ಇನ್ನು ಆ ಮರಿಗಳ ವಿಷಯ. ಒಂದೇ ಪ್ರಶ್ನೆ: ಮೈದುನನ ಶೆಡ್ಡಿನಲ್ಲಿ ಟಗರು ಇದೆಯೇ? ಇದ್ದರೆ ಕ್ಲೋನಿನ ಕಥೆ ಅಲ್ಲಿಗೆ ಮುಗಿಯಿತು.

ಕ್ಲೋನ್, ಅಂದರೆ ತದ್ರೂಪಿ, ಹುಟ್ಟಲು ತಂದೆ ಬೇಕಾಗುವುದಿಲ್ಲ. ಬೆಳೆದ ಪ್ರಾಣಿಯ ಮೈಯಿಂದ ಒಂದು ಜೀವಕೋಶ ತೆಗೆಯುತ್ತಾರೆ. ಇನ್ನೊಂದು ಪ್ರಾಣಿಯ ಅಂಡಾಣುವಿನ ಕೋಶಕೇಂದ್ರವನ್ನು ತೆಗೆದುಹಾಕಿ, ಆ ಜಾಗದಲ್ಲಿ ಇದನ್ನು ಕೂಡಿಸುತ್ತಾರೆ. ಭ್ರೂಣ ಬೆಳೆದರೆ ಮೂರನೆಯದರ ಗರ್ಭದಲ್ಲಿ ಇಡುತ್ತಾರೆ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಹುಟ್ಟಿದ ಡಾಲಿ ಎಂಬ ಕುರಿ ಹೀಗೆ ಬಂದದ್ದು, ಆರು ವರ್ಷದ ಕುರಿಯೊಂದರ ಕೆಚ್ಚಲಿನ ಕೋಶದಿಂದ. 277 ಅಂಡಾಣುಗಳ ಮೇಲೆ ಪ್ರಯತ್ನ ನಡೆದು, ಇಪ್ಪತ್ತೊಂಬತ್ತು ಭ್ರೂಣಗಳು ಹದಿಮೂರು ಕುರಿಗಳ ಗರ್ಭ ಸೇರಿ, ಕೊನೆಗೆ ಕಣ್ಣು ಬಿಟ್ಟದ್ದು ಒಂದೇ ಮರಿ. ಆ ಡಾಲಿಯೂ ಮುಂದೆ ಟಗರಿನೊಡನೆ ಕೂಡಿ ಆರು ಮರಿ ಹಾಕಿತು. ಮೊದಲ ಸಲ ಒಂದು, ಆಮೇಲೆ ಅವಳಿ, ಆಮೇಲೆ ತ್ರಿವಳಿ. ಆ ಮರಿಗಳನ್ನು ಯಾರೂ ಕ್ಲೋನ್ ಎನ್ನಲಿಲ್ಲ.

ನಾರಿ ಸುವರ್ಣದ ದಾರಿಯೇ ಬೇರೆ. ಬಂಗಾಳದ ಸುಂದರಬನದ ಕಡೆ ಗರೋಲ್ ಎಂಬ ಪುಟ್ಟ ಕುರಿ ಇದೆ. ಸೂಲಿಗೆ ಎರಡು ಮೂರು ಮರಿ ಹಾಕುವುದು ಅದರ ವಂಶಗುಣ. ಸಾತಾರಾ ಜಿಲ್ಲೆಯ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಆ ಒಂದು ಗುಣವನ್ನು ದಖ್ಖನಿ ಕುರಿಗೆ ತಂದರು. ತಲೆಮಾರಿನ ಮೇಲೆ ತಲೆಮಾರು ಕೂಡಿಸಿ, ಬೇಕಾದವನ್ನು ಆರಿಸಿ ಮಾಡಿದ ಕೆಲಸ ಅದು. ಒಳ್ಳೆಯ ಟಗರನ್ನು ಹಿಂಡಿಗೆ ಉಳಿಸಿಕೊಂಡು ಉಳಿದವನ್ನು ಸಂತೆಗೆ ಹೊಡೆಯುತ್ತಿದ್ದ ನಿಮ್ಮ ಮಾವ ಮಾಡುತ್ತಿದ್ದದ್ದೂ ಇದನ್ನೇ. ಅವರು ಬರೆದಿಡಲಿಲ್ಲ ಅಷ್ಟೇ. ಈ ತಳಿಯಲ್ಲಿ ಒಂದೇ ಸಲಕ್ಕೆ ಎರಡು ಅಂಡಾಣು ಬಿಡುಗಡೆಯಾಗುವುದರಿಂದ ಎರಡು ಮರಿ. ಹಾಗಾಗಿ ಅವು ಒಂದರ ನಕಲು ಇನ್ನೊಂದಲ್ಲ, ಒಟ್ಟಿಗೆ ಹುಟ್ಟಿದ ಅಣ್ಣತಮ್ಮಂದಿರು ಅಷ್ಟೇ. ವಿಡಿಯೊ ಮಾಡಿದವನಿಗೆ ಎರಡೂ ಒಂದೇ ರೀತಿ ಕಂಡಿರಬಹುದು. ಕುರಿ ಕಾಯದವರಿಗೆ ಎಲ್ಲ ಕುರಿಯೂ ಒಂದೇ ರೀತಿ ಕಾಣುತ್ತದೆ.

ಲೆಕ್ಕದ ಮಾತು ಮಗನಿಗೆ ಬೇಗ ಅರ್ಥವಾದೀತು. ಅಮೆರಿಕದಲ್ಲಿ ಒಂದು ಆಕಳಿನ ತದ್ರೂಪಿಗೆ ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಮೀರಿ ಖರ್ಚಾಗುತ್ತದೆ. ಅಂಥದ್ದನ್ನು ಯಾರೂ ಕಡಿದು ಕಿಲೋ ಲೆಕ್ಕದಲ್ಲಿ ಮಾರುವುದಿಲ್ಲ. ತಳಿಗೆಂದು ಇಟ್ಟುಕೊಂಡು ಅದರ ಸಂತತಿಯನ್ನು ಮಾರುತ್ತಾರೆ. ನಮ್ಮ ದೇಶದಲ್ಲಿ ಈ ಕೆಲಸ ಮುಖ್ಯವಾಗಿ ಸರ್ಕಾರಿ ಸಂಶೋಧನಾ ಕೇಂದ್ರಗಳಲ್ಲಿ, ಅದೂ ಹಾಲು ಮತ್ತು ತಳಿಗಾಗಿ ನಡೆದಿದೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 2009ರ ಫೆಬ್ರವರಿಯಲ್ಲಿ ಎಮ್ಮೆಯ ತದ್ರೂಪಿ ಕರು ಹುಟ್ಟಿ, ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಆಮೇಲೆ ಬಂದ ಗರಿಮಾ–2 ಎಂಬ ಎಮ್ಮೆ ಬದುಕಿ, 2013ರಲ್ಲಿ ಮಹಿಮಾ ಎಂಬ ಹೆಣ್ಣು ಕರು ಹಾಕಿತು. 2023ರ ಮಾರ್ಚ್‌ನಲ್ಲಿ ಗೀರ್ ಆಕಳಿನ ತದ್ರೂಪಿ ಗಂಗಾ ಹುಟ್ಟಿತು. ಇವುಗಳಲ್ಲಿ ಯಾವುದೂ ಅಮೀನಗಡದ ಸಂತೆಗೆ ಬಂದಿಲ್ಲ.

ನಿಜವಾದ ತದ್ರೂಪಿಯ ಮಾಂಸ ತಿಂದರೆ ಏನಾಗುತ್ತದೆ ಎಂದು ಕೇಳಿದ್ದೀರಿ. ಹೊಟ್ಟೆಯಲ್ಲಿ ಬೇರೆ ಮಾಂಸದ ಹಾಗೆಯೇ ಕರಗುತ್ತದೆ. ವರ್ಷಗಟ್ಟಲೆ ಪರಿಶೀಲಿಸಿದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2008ರ ಜನವರಿಯಲ್ಲಿ, ದನ, ಹಂದಿ, ಆಡುಗಳ ತದ್ರೂಪಿಗಳ ಮಾಂಸ ಮತ್ತು ಹಾಲು ಬೇರೆಯವಷ್ಟೇ ಸುರಕ್ಷಿತ ಎಂದು ಹೇಳಿತು. ಆ ಪಟ್ಟಿಯಲ್ಲಿ ಕುರಿ ಮಾತ್ರ ಇಲ್ಲ, ಸಾಕಷ್ಟು ಮಾಹಿತಿ ಸಿಗಲಿಲ್ಲವೆಂದು. ಡಾಲಿಯ ಕುಲಕ್ಕೇ ಹೀಗಾದದ್ದು ನೋಡಿ ನನಗೆ ನಗು ಬಂದಿತ್ತು. ‘ಮಕ್ಕಳಾಗುವುದಿಲ್ಲ’ ಎನ್ನುವ ಮಾತಿಗಂತೂ ಬುಡವೂ ಇಲ್ಲ, ತುದಿಯೂ ಇಲ್ಲ.

ನಕಲನ್ನು ತಿನ್ನುವುದು ನಮಗೆ ಹೊಸದೂ ಅಲ್ಲ. ಮುಧೋಳ, ಜಮಖಂಡಿಯ ಕಡೆ ಕಬ್ಬನ್ನು ಯಾರಾದರೂ ಬೀಜ ಬಿತ್ತಿ ಬೆಳೆಯುತ್ತಾರೆಯೇ? ತುಂಡು ಕತ್ತರಿಸಿ ನೆಡುತ್ತಾರೆ. ಹಾಗೆ ನೆಟ್ಟ ಹೊಲದ ಒಂದೊಂದು ಕಬ್ಬೂ ತಾಯಿಯ ತದ್ರೂಪಿ. ಮಹಾಲಿಂಗಪುರದ ಬೆಲ್ಲ ತಿಂದವರೆಲ್ಲ ಅದನ್ನು ತಿಂದವರೇ. ಗೂಟಿ ಕಟ್ಟಿ ಬೆಳೆಸಿದ ದಾಳಿಂಬೆಯೂ ಹಾಗೆಯೇ, ವಿಜಯಪುರದ ಒಣದ್ರಾಕ್ಷಿಯೂ ಹಾಗೆಯೇ. ಮಗ ಚಹಾ ಕುಡಿಯುವಾಗ ಇದನ್ನು ಹೇಳಿ ನೋಡಿ. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಬೇಡಿ. ಕಬ್ಬಿಗೆ ನೋವಿಲ್ಲ, ಕುರಿಗೆ ಇದೆ.

ನಾನಾಗಿದ್ದರೆ ತಿನ್ನುತ್ತಿದ್ದೆನೇ ಎಂಬ ಪ್ರಶ್ನೆಗೆ ನನ್ನ ಉತ್ತರ ನಿಂತಿರುವುದು ಅಲ್ಲಿಯೇ. ಇಲ್ಲ, ತಿನ್ನುತ್ತಿರಲಿಲ್ಲ. ತಾಟಿನಲ್ಲಿರುವುದು ವಿಷ ಎಂಬ ಭಯದಿಂದಲ್ಲ. ಆ 277ರ ಲೆಕ್ಕ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ವಿಧಾನ ಈಗ ಸುಧಾರಿಸಿದೆ, ನಿಜ. ಆದರೂ ಗರ್ಭ ನಿಲ್ಲದಿರುವುದು, ಕರು ಅತಿಯಾಗಿ ಬೆಳೆದು ತಾಯಿಗೆ ಹೆರಿಗೆಯೇ ಕುತ್ತಾಗುವುದು, ಹುಟ್ಟಿದ್ದು ಮೊದಲ ವಾರಗಳಲ್ಲಿಯೇ ಸಾಯುವುದು ಇದರಲ್ಲಿ ಹೆಚ್ಚು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಕೂಡ 2008ರಲ್ಲಿ, ಮಾಂಸದ ಸುರಕ್ಷತೆಯಲ್ಲಿ ವ್ಯತ್ಯಾಸ ಕಾಣುತ್ತಿಲ್ಲ, ಆದರೆ ಪ್ರಾಣಿಗಳ ಆರೋಗ್ಯ ಮತ್ತು ಕ್ಷೇಮದ ಬಗ್ಗೆ ಕಳವಳವಿದೆ ಎಂದೇ ಹೇಳಿತು. ಅಲ್ಲಿನ ಸಂಸತ್ತು 2015ರಲ್ಲಿ ಸಾಕುಪ್ರಾಣಿಗಳ ತದ್ರೂಪು ಸೃಷ್ಟಿಯನ್ನು ನಿಷೇಧಿಸಬೇಕೆಂದು ಮತ ಹಾಕಿತು. ಕಡಿದು ತಿನ್ನುವವರಿಗೆ ಈ ಕನಿಕರ ಏಕೆ ಎಂದು ನೀವು ಕೇಳಬಹುದು. ಕುರಿ ಸಾಕಿದ ಮನೆಗೆ ಅದನ್ನು ನಾನು ವಿವರಿಸಬೇಕಾಗಿಲ್ಲ. ಮುಂದೆ ಎಂದಾದರೂ ಅಂಥ ಮಾಂಸ ನಿಮ್ಮ ಅಡುಗೆಮನೆಗೆ ಬಂದರೆ, ಅಂದು ಗಿರಾಕಿಗೆ ಹೇಳಿಯೇ ಬಡಿಸಿ. ಅಮೆರಿಕದಲ್ಲಿ ಹಾಗೆ ಹೇಳಬೇಕೆಂಬ ಕಡ್ಡಾಯವಿಲ್ಲ. ಅದು ತಪ್ಪು ಎಂಬುದು ನನ್ನ ಅಭಿಪ್ರಾಯ. ಇದ್ದದ್ದನ್ನು ಮುಚ್ಚಿಡಬಾರದು. ನಿಮ್ಮ ಮಗ ಮಾಡಹೊರಟಿರುವುದು ಇಲ್ಲದ್ದನ್ನು ಇಲ್ಲವೆಂದು ಡಂಗುರ ಹೊಡೆಯುವುದು.

ಈಗ ಮಾವ. ಇಡೀ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ನೀವು ಹಾಗೇ ದಾಟಿ ಹೋಗಿರುವ ಸಾಲು: ‘ಅವು ನಮ್ಮ ಕುರಿಗಳಲ್ಲ’.

ಅವರು ಕ್ಲೋನ್ ಎನ್ನಲಿಲ್ಲ, ಕಾಯಿಲೆ ಎನ್ನಲಿಲ್ಲ. ಹಿಂಡು ಮಾರಿದ ದಿನ ಅವರು ಎಲ್ಲಿದ್ದರು? ಮೈದುನ ಅವರನ್ನು ಕೇಳಿದ್ದನೇ? ನೀವು ಬರೆದಿಲ್ಲ, ಕೇಳಿರಲಿಕ್ಕಿಲ್ಲ ಎಂಬುದು ನನ್ನ ಊಹೆ. ಮಳೆ ಹೋದ ಕಡೆ ಹೋಗಿ, ಕಂಬಳಿ ಹೊದ್ದು ದಡ್ಡಿಯಲ್ಲಿ ಮಲಗಿ, ಒಂದೊಂದು ಕುರಿಯ ತಾಯಿ, ಅಜ್ಜಿಯರನ್ನೂ ನೆನಪಿಟ್ಟುಕೊಂಡ ಮನುಷ್ಯ ಅವರು. ಒಂದು ಬೆಳಿಗ್ಗೆ ಆ ಕುರಿಗಳು ಲಾರಿ ಹತ್ತಿದವು, ಇನ್ನೊಂದು ಲಾರಿಯಲ್ಲಿ ಬೇರೆಯವು ಇಳಿದವು. ಎರಡು ವರ್ಷ ಅವರು ಆ ಸಂಕಟವನ್ನು ಹೇಳಲಾಗದೆ ನುಂಗಿರಬೇಕು. ವಾಟ್ಸ್‌ಆ್ಯಪ್‌ನ ಸುಳ್ಳು ಅದಕ್ಕೊಂದು ನೆಪ ಒದಗಿಸಿತು. ನೀವು ನಾಳೆಯೇ ಸಂತೆಯ ಕುರಿ ತಂದು ಅಡುಗೆ ಮಾಡಿದರೂ ಅವರು ಮುಟ್ಟುತ್ತಾರೆಂದು ನನಗೆ ಅನ್ನಿಸುವುದಿಲ್ಲ.

ಹಾಗಾಗಿ ಡಾಲಿ, ಕರ್ನಾಲ್ ಎಂದು ಅವರಿಗೆ ಪಾಠ ಹೇಳಲು ಹೋಗಬೇಡಿ. ಕುರಿಗಳು ಹುತ್ತದಿಂದ ಹೊರಟು ಬಂದ ಕಥೆಯನ್ನು ಡೊಳ್ಳಿನ ಪದದಲ್ಲಿ ಕೇಳಿ ಬೆಳೆದವರಿಗೆ, ಕುರಿ ಎಲ್ಲಿಂದ ಬಂದಿತು ಎಂಬುದು ದೊಡ್ಡ ತೊಡಕಾಗಲಾರದು. ಮೈದುನನಿಗೆ ನೀವೇ ಫೋನ್ ಮಾಡಿ. ಬೋರ್ಡ್ ಹಾಕುವುದಿಲ್ಲ ಎಂಬುದು ಮೊದಲ ಮಾತಾಗಲಿ. ಎರಡನೆಯದು, ಯಾವ ಕುರಿ ದಿನ ತುಂಬಿದೆ ಎಂದು ಕೇಳುವುದು. ಈಯುವ ಹೊತ್ತಿಗೆ ಮಾವನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ. ನೋಡಲು ಬನ್ನಿ ಎಂದರೆ ಬರಲಾರರು. ಎರಡು ಮರಿಯ ಈಲು ಕಷ್ಟ, ಕೈ ತಿಳಿದವರು ಬೇಕು ಎಂದು ಮೈದುನನೇ ಕರೆಯಬೇಕು. ಅದು ಸುಳ್ಳೂ ಅಲ್ಲ. ಅವಳಿ ಮರಿಗಳಲ್ಲಿ ಹಿಂದುಳಿದದ್ದಕ್ಕೆ ಗಿಣ್ಣು ಹಾಲು ಸಿಗದೆ ಹೋಗುವುದುಂಟು, ಅದನ್ನು ಎತ್ತಿ ಮೊಲೆಗೆ ಹಿಡಿಯಲು ಪಳಗಿದ ಕೈ ಬೇಕು. ಮರಿಯ ಮೂಗಿನ ಲೋಳೆ ಒರೆಸಿ, ತಾಯಿಗೆ ನೆಕ್ಕಲು ಬಿಟ್ಟ ಮೇಲೆ ಅದು ನಮ್ಮದೋ ಅಲ್ಲವೋ ಎಂಬುದನ್ನು ಅವರೇ ತೀರ್ಮಾನಿಸಲಿ. ಆಮೇಲೂ ಪುಂಡಿಪಲ್ಲೆಯೇ ಸಾಕು ಎಂದರೆ ಒತ್ತಾಯಿಸಬೇಡಿ, ಬಿಸಿ ಬಿಸಿ ಬಡಿಸಿ. ಸಾಧ್ಯವಾದರೆ ಎರಡು ಕರಿ ದಖ್ಖನಿ ಕುರಿಗಳನ್ನು ಅವರ ಲೆಕ್ಕಕ್ಕೆಂದೇ ತಂದು ಕಟ್ಟಲು ಮೈದುನನಿಗೆ ಹೇಳಿ. ಆರಿಸುವವರು ಅವರೇ ಆಗಲಿ.

ಗಿರಾಕಿಗಳ ಚಿಂತೆ ನನಗೆ ಅಷ್ಟಿಲ್ಲ. ಕೇಳಿದವರಿಗೆ ‘ನಮ್ಮ ಮೈದುನನ ಶೆಡ್ಡಿನ ಕುರಿ, ಬೇಕಿದ್ದರೆ ಹೋಗಿ ನೋಡಿ ಬನ್ನಿ’ ಎನ್ನಿ, ದಾರಿ ಹೇಳಿ. ಕೇಳದವರಿಗೆ ಹೇಳಲು ಹೋಗಬೇಡಿ. ಕೈರುಚಿಗೆ ಹನ್ನೊಂದು ವರ್ಷ ಬಂದವರು ಒಂದು ವಿಡಿಯೊಕ್ಕೆ ಎಷ್ಟು ದಿನ ದೂರ ಉಳಿದಾರು?

ಕುರಿ ಈಯುವ ದಿನ ಖಾನಾವಳಿಗೆ ರಜೆ ಕೊಡಿ. ಅದಕ್ಕೊಂದು ಬೋರ್ಡ್ ಬೇಕೆಂದರೆ, ಮುಂಗಡ ಪಡೆದ ಪೇಂಟರ್ ಇದ್ದೇ ಇದ್ದಾನಲ್ಲ.