ಫೆಬ್ರವರಿಯಲ್ಲಿ ನೋಡಿದ ಮನೆ, ಹೊಸ ಪೇಂಟ್, ಬೂಷ್ಟು

ಅಕ್ಕಾ, ಮಡಿಕೇರಿ ಹತ್ತಿರ ಒಂದೆಕರೆ ಕಾಫಿ ಸಮೇತ ಮನೆ ನೋಡಿದ್ದೀರಿ, ಫೆಬ್ರವರಿಯಲ್ಲಿ ಹೋದಾಗ ಒಂದು ಕಲೆಯೂ ಇರಲಿಲ್ಲ, ಹೊಸದಾಗಿ ಪೇಂಟ್ ಬೇರೆ ಹೊಡೆದಿದ್ದಾರೆ, ಬೂಷ್ಟು ಇದೆಯೋ ಇಲ್ಲವೋ ಹೇಗೆ ತಿಳಿಯೋದು ಅಂತ ಕೇಳಿದ್ದೀರಿ. ಫೆಬ್ರವರಿಯಲ್ಲಿ ಕೊಡಗಿನ ಎಲ್ಲಾ ಮನೆಯೂ ಚೆಂದವೇ! ಸಾಧ್ಯವಾದರೆ ಕಕ್ಕಡದವರೆಗೆ (ನಮ್ಮ ಕಡೆ ಜೋರು ಮಳೆಯ ತಿಂಗಳು) ಕಾದು, ಜುಲೈ ಕೊನೆಗೆ ಇನ್ನೊಮ್ಮೆ ನೋಡಿ ಅಡ್ವಾನ್ಸ್ ಕೊಡಿ. ಅಷ್ಟು ದಿನ ಮಾಲೀಕರು ಕಾಯಲ್ಲ ಅಂದರೆ, ಬೂಷ್ಟಿಗಿಂತ ಮೊದಲು ನೀರು ಬರೋ ದಾರಿ ಹುಡುಕಿ. ಬೂಷ್ಟನ್ನು ಒರೆಸಿ ಮೇಲೆ ಪೇಂಟ್ ಬಳಿಯೋಕೆ ಅರ್ಧ ದಿನ ಸಾಕು.

ಒಳಗೆ ಹೋಗೋ ಮುಂಚೆ ಮನೆ ಹಿಂದಕ್ಕೆ ಹೋಗಿ. ನಮ್ಮಲ್ಲಿ ಗುಡ್ಡ ಕಡಿದು ಕಟ್ಟಿದ ಮನೆಗಳು ಜಾಸ್ತಿ. ಬರೆಗೂ (ಅಂದರೆ ಹಾಗೆ ಕಡಿದ ಗುಡ್ಡದ ನೇರ ಮೈ) ಗೋಡೆಗೂ ನಡುವೆ ಆಳು ಓಡಾಡುವಷ್ಟು ಜಾಗ, ನೀರು ಹರಿಯೋ ಚರಂಡಿ ಇರಬೇಕು. ಮಣ್ಣು ಗೋಡೆಗೇ ಒತ್ತಿಕೊಂಡಿದ್ದರೆ ಮಳೆಗಾಲ ಪೂರ್ತಿ ಆ ಗೋಡೆ ನೀರು ಕುಡಿಯುತ್ತೆ. ನಾವು ಕೊಂಡ ಮನೆಯಲ್ಲಿ ಅದೇ ಗೋಡೆಗೆ ಆನಿಸಿ ವಾರ್ಡ್‌ರೋಬ್ ಮಾಡಿದ್ದರು. ಮೊದಲ ಮಳೆಗಾಲದಲ್ಲೇ ನಮ್ಮನೆಯವರ ಬೆಲ್ಟ್ ಹಸಿರು, ಹಿಂದಿನ ಪ್ಲೈವುಡ್ ಕಪ್ಪು. ನನ್ನ ಸೀರೆಗಳ ಕಥೆ ಬೇಡ ಬಿಡಿ. (ಬರೆ ಕುಸಿಯೋ ವಿಚಾರ ಬೇರೆಯೇ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದ ಮೇಲೆ ಅದನ್ನು ತಿಳಿದವರಿಗೆ ತೋರಿಸದೆ ಯಾರೂ ಕೊಳ್ಳಬಾರದು.)

ಮಳೆ ಹೊಡೆಯೋದು ನೈಋತ್ಯದಿಂದ. ಆ ಕಡೆ ಸೂರು ಹೊರಗೆ ಚಾಚದೆ ಗಿಡ್ಡ ಇದೆಯಾ ನೋಡಿ. ಟಾರಸಿ ಮನೆಯಾದರೆ ಮೇಲೆ ಶೀಟ್ ಹಾಕಿದ್ದಾರಾ, ಹಾಕಿದ್ದರೆ ಯಾವಾಗ, ಯಾಕೆ ಅಂತ ಕೇಳಿ.

ಒಳಗೆ ಟಾರ್ಚನ್ನು ಗೋಡೆಗೆ ಒರಗಿಸಿದ ಹಾಗೆ ಹಿಡಿದು ಬೆಳಕು ಬಿಡಿ, ಪೇಂಟ್ ಉಬ್ಬಿದ್ದು, ಪುಟ್ಟಿ ತೇಪೆ ಎಲ್ಲ ಎದ್ದು ಕಾಣುತ್ತೆ. ನೆಲದಿಂದ ಮೂರಡಿಯವರೆಗೆ ಮಾತ್ರ ಹಾಳಾಗಿದ್ದರೆ ತೇವ ಅಡಿಪಾಯದಿಂದ ಏರಿದ್ದು, ಮೇಲ್ಮೂಲೆಯಲ್ಲಾದರೆ ಮಾಡಿನ ಸೋರಿಕೆ. ಬಿಳಿ ಹುಡಿ ಕಂಡ ಕೂಡಲೇ ಬೂಷ್ಟು ಅನ್ನಬೇಡಿ. ನೀರು ಚಿಮುಕಿಸಿದಾಗ ಕರಗಿದರೆ ಅದು ಗೋಡೆಯ ಉಪ್ಪು. ಹಾಗಂತ ಸಮಾಧಾನ ಪಡಬೇಡಿ, ಉಪ್ಪು ಹೊರಗೆ ಬಂದಿದ್ದೂ ನೀರಿನ ಜೊತೆಗೇ.

ಅನುಮಾನ ಇರೋ ಕಡೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಗೋಡೆ ಕಡೆಯ ಮೈಯಲ್ಲಿ ಹನಿ ಕೂತರೆ ತೇವ ಗೋಡೆಯ ಒಳಗಿನದು, ರೂಮಿನ ಕಡೆ ಕೂತರೆ ಗಾಳಿಯದು.

ವಾಸನೆಗೆ, ಹಿಂದಿನ ರಾತ್ರಿಯಿಂದ ಕಿಟಕಿ ಬಾಗಿಲು ಮುಚ್ಚಿಡಿ ಅಂತ ಹೇಳಿ, ಬೆಳಗ್ಗೆ ನೀವೇ ಮೊದಲು ಒಳಗೆ ಹೋಗಿ. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಬಿಡುತ್ತೆ. ಬೀರು, ಸಿಂಕಿನ ಕೆಳಗೆ, ಅಟ್ಟ, ಎಲ್ಲದರಲ್ಲೂ ಮುಗ್ಗಲು ವಾಸನೆ ನೋಡಿ. ಊದುಬತ್ತಿ ಘಮಘಮ ಅಂತಿದ್ದರೆ ಇನ್ನೊಂದು ದಿನ ಹೋಗಿ.

ಮನೆಯ ಗಾಳಿ ಹಿಡಿದು ಬೂಷ್ಟು ಪರೀಕ್ಷೆಗೆ ಲ್ಯಾಬಿಗೆ ಕಳಿಸೋದಕ್ಕೆ ದುಡ್ಡು ಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ, ಬೂಷ್ಟಿನ ಬಗ್ಗೆ ಮಾರ್ಗಸೂಚಿ ತಂದಾಗಲೂ ಇಷ್ಟರವರೆಗೆ ಪರವಾಗಿಲ್ಲ ಅನ್ನೋ ಲೆಕ್ಕ ಕೊಡಲಿಲ್ಲ, ತೇವ ತಡೆಯಿರಿ ಅಂತಲೇ ಹೇಳಿತು. ನಿಮ್ಮ ಮಗನಿಗೆ ಉಬ್ಬಸ ಇದೆ ಅಂದಿರಿ, ಹಾಗಾಗಿ ಬರೆಗೆ ಒತ್ತಿದ ಗೋಡೆಯಿದ್ದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಾನಂತೂ ಬೇಡ ಅಂತೀನಿ.

ಹೊರಡೋ ಮುಂಚೆ ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲು ಮನೆ) ಇರೋರನ್ನು ಮೆಲ್ಲಗೆ ಕೇಳಿ, ಮಳೆಗಾಲದಲ್ಲಿ ದೊಡ್ಡ ಮನೆಯ ಯಾವ ರೂಮಿನಲ್ಲಿ ಯಾರೂ ಮಲಗಲ್ಲ ಅಂತ.