ಕಾರ್ಖಾನೆಯ ನರ್ಸಿಗೆ ಸಂಶೋಧನೆ ಯಾಕೆ?

ಪ್ರಶ್ನೆ: ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೇನೆ. ಆರು ತಿಂಗಳಲ್ಲಿ ಪ್ಯಾಕಿಂಗ್ ವಿಭಾಗದ 9 ಜನ, ಜೋಡಣಾ ವಿಭಾಗದ 12 ಜನ ಸೊಂಟನೋವೆಂದು ಬಂದಿದ್ದಾರೆ. ಜೋಡಣೆಯಲ್ಲೇ ತೊಂದರೆ ಹೆಚ್ಚು ಎನ್ನಬಹುದೇ? ಅಥವಾ ಸಂಶೋಧನೆಯೆಲ್ಲ ಕಾಲೇಜಿನವರಿಗೇ ಬಿಟ್ಟದ್ದೇ?

ಉತ್ತರ: ಬಿಡಬೇಡಿ, ನೋವು ಮೊದಲು ದಾಖಲಾಗುವುದೇ ನಿಮ್ಮ ರಿಜಿಸ್ಟರಿನಲ್ಲಿ. ಆದರೆ ಎಷ್ಟು ಜನ ಬಂದರು ಎನ್ನುವುದು ಅರ್ಧ ಲೆಕ್ಕ. ಹಾಜರಿ ಪುಸ್ತಕದಿಂದ ಎರಡೂ ವಿಭಾಗಗಳ ಒಟ್ಟು ದುಡಿಮೆಯ ಗಂಟೆಗಳನ್ನು ತೆಗೆಯಿರಿ. ಪ್ರಕರಣಗಳನ್ನು 2,00,000ದಿಂದ ಗುಣಿಸಿ ಆ ಗಂಟೆಗಳಿಂದ ಭಾಗಿಸಿ. (100 ಜನ ವಾರಕ್ಕೆ 40 ಗಂಟೆಯಂತೆ 50 ವಾರ ದುಡಿದರೆ ಆಗುವ ಗಂಟೆಗಳ ಮೊತ್ತವೇ ಆ 2,00,000. ಹಾಗಾಗಿ ಸಿಗುವ ದರವೆಂದರೆ ವರ್ಷಕ್ಕೆ 100 ಜನರಿಗೆ ಎಷ್ಟು ಪ್ರಕರಣ ಎಂಬುದು.) ಪ್ಯಾಕಿಂಗ್‌ನಲ್ಲಿ 62,400 ಗಂಟೆ ಎಂದಿಟ್ಟುಕೊಳ್ಳಿ, ದರ ಸುಮಾರು 29. ಜೋಡಣೆಯಲ್ಲಿ 1,56,000 ಗಂಟೆಯಾದರೆ ಬರೀ 15. ಲೆಕ್ಕವೇ ತಿರುಗಿಬಿತ್ತು! ಆದರೂ ಇಷ್ಟು ಸಣ್ಣ ಸಂಖ್ಯೆಗಳಲ್ಲಿ ಎರಡು ಮೂರು ಪ್ರಕರಣ ಆಚೀಚೆಯಾದರೂ ದರ ಅಲ್ಲಾಡುತ್ತದೆ. ಸದ್ಯಕ್ಕೆ ಇದನ್ನು ಸುಳಿವೆಂದಷ್ಟೇ ಇಟ್ಟುಕೊಳ್ಳಿ.

ಲೆಕ್ಕ ಕೆಡುವುದು ಹೆಚ್ಚಾಗಿ ಬರೆಯುವಾಗಲೇ. ಹಗಲು ಪಾಳಿಯವರು 'ಸೊಂಟನೋವು', ರಾತ್ರಿಯವರು 'ಮೈಕೈ ನೋವು' ಎಂದು ಬರೆದರೆ, ಒಬ್ಬರೇ ಮೂರು ಸಲ ಬಂದದ್ದನ್ನು ಮೂವರೆಂದು ಎಣಿಸಿದರೆ, ಮುಗಿಯಿತು. ಹೇಗೆ ಬರೆಯಬೇಕು, ಹೇಗೆ ಎಣಿಸಬೇಕು ಎಂದು ಮೊದಲೇ ಒಪ್ಪಿಕೊಳ್ಳಿ. ಪಾಳಿ, ಮಾಡುತ್ತಿದ್ದ ಕೆಲಸ, ಎತ್ತಿದ ತೂಕವನ್ನೂ ನಮೂದಿಸಿ. ನೋವು ತಾಳದೆ ಕೆಲಸ ಬಿಟ್ಟವರು, ವರ್ಗವಾದವರು ನಿಮ್ಮ ಪಟ್ಟಿಯಲ್ಲಿರುವುದಿಲ್ಲ. ಗಟ್ಟಿಮುಟ್ಟಾದವರಷ್ಟೇ ಉಳಿದು ವಿಭಾಗ ಆರೋಗ್ಯವಾಗಿರುವಂತೆ ಕಾಣುತ್ತದೆ. ಹೆಚ್ಚು ಜನ ಎಡವುವುದು ಇಲ್ಲೇ.

ಮೇಜಿನ ಎತ್ತರ ಬದಲಿಸಿದ ಮರುತಿಂಗಳೇ ಪ್ರಕರಣಗಳು ಇಳಿದರೂ ಹಿಗ್ಗಬೇಡಿ. ತೀರಾ ಕೆಟ್ಟ ತಿಂಗಳ ನಂತರ ಸಂಖ್ಯೆ ತಾನಾಗಿಯೇ ಇಳಿಯುವುದುಂಟು. ಬದಲಾವಣೆ ಮಾಡದ ಇನ್ನೊಂದು ವಿಭಾಗವನ್ನೂ ಜೊತೆಗೇ ಎಣಿಸುತ್ತಿರಿ. ವರದಿಯಲ್ಲಿ ಹೆಸರು ಬೇಡ; ಐದಾರು ಜನರ ತಂಡದಲ್ಲಿ ವಯಸ್ಸು, ಪಾಳಿ ಹೇಳಿದರೂ ಯಾರೆಂದು ಗೊತ್ತಾಗಿಬಿಡುತ್ತದೆ. ಆಮೇಲೆ ನೋವಿದ್ದರೂ ಯಾರೂ ನಿಮ್ಮ ಬಳಿ ಬರುವುದಿಲ್ಲ.

ಪ್ರಶ್ನೆ: ಒಬ್ಬರದೇ ಕಿವಿ ಪರೀಕ್ಷೆ ಪಾಳಿ ಮುಗಿದ ಮೇಲೆ ಒಂದು ಥರ, ರಜೆಯ ಮರುದಿನ ಬೆಳಿಗ್ಗೆ ಇನ್ನೊಂದು ಥರ. ಮುಂದಿನ ಹೋಲಿಕೆಗೆ ಯಾವುದು?

ಉತ್ತರ: ಬೆಳಗಿನದು. ಗದ್ದಲದಲ್ಲಿ ದುಡಿದ ಕಿವಿ ಸ್ವಲ್ಪ ಹೊತ್ತು ಮಂದವಾಗಿರುತ್ತದೆ. ಮೊದಲ ಆಡಿಯೋಗ್ರಾಂಗೆ (ಕಿವಿ ಪರೀಕ್ಷೆಯ ನಕ್ಷೆಗೆ) ಮುಂಚೆ ಕನಿಷ್ಠ 14 ಗಂಟೆ ಕೆಲಸದ ಗದ್ದಲದಿಂದ ದೂರವಿರಬೇಕು. ದಣಿದ ಕಿವಿಯ ಅಳತೆಯನ್ನೇ ಆಧಾರವಾಗಿಟ್ಟುಕೊಂಡರೆ, 4000 ಹರ್ಟ್ಸ್ ಸುತ್ತ, ಅಂದರೆ ಕೀರಲು ದನಿಗಳ ಮಟ್ಟದಲ್ಲಿ, ಕೇಳುವ ಶಕ್ತಿಯಲ್ಲಿ ನಿಧಾನವಾಗಿ ಬೀಳುವ ತಗ್ಗು ಮುಂದಿನ ವರ್ಷ ಕಾಣದೇ ಹೋಗಬಹುದು. ಸಂಜೆಯದನ್ನೂ ಎಸೆಯಬೇಡಿ. ಎರಡರ ನಡುವಿನ ಅಂತರ ದೊಡ್ಡದಿದ್ದರೆ ಇಯರ್ ಪ್ಲಗ್ ಸರಿಯಾಗಿ ಕೂರುತ್ತಿಲ್ಲವೇನೋ ಎಂದು ಅನುಮಾನಿಸಿ, ಅವರು ಅದನ್ನು ಹಾಕಿಕೊಳ್ಳುವಾಗ ಪಕ್ಕದಲ್ಲೇ ನಿಂತು ನೋಡಿ.