ಶೇವಿಂಗ್ ಬ್ರಷ್ ಹಿಡಿಯ ಅರಗು ಬಿಳಿಚುತ್ತಿರುವುದಕ್ಕೆ
ನೀವು ಹಾಲೆಮರದಲ್ಲಿ ಕಡೆದು ಅರಗು ಹಚ್ಚಿದ ಶೇವಿಂಗ್ ಬ್ರಷ್ ಹಿಡಿಯ ಹೊಳಪು ವಾರದಲ್ಲೇ ಬಿಳಿಚಿ ಅಂಟಂಟಾಗಿದೆ ಎಂದು ಫೋಟೋ ಸಮೇತ ಕೇಳಿದ್ದೀರಿ. ಕಾರಣ ಬಹುಶಃ ಮರವಲ್ಲ, ಅರಗೇ. ಚನ್ನಪಟ್ಟಣದ ಗೊಂಬೆಗಳಿಗೆ ಅದು ಸೊಗಸು. ಆದರೆ ಬಿಸಿನೀರಿಗೆ ಅರಗು ಮೆತ್ತಗಾಗುತ್ತದೆ, ಸೋಪಿನ ಕ್ಷಾರಕ್ಕೆ ಕರಗುತ್ತದೆ. ಬ್ರಷ್ಷಿಗೆ ದಿನಾ ಎರಡೂ ತಾಗುತ್ತವೆ.

ಹಿಡಿಯನ್ನು ನೆರಳಲ್ಲಿ ಪೂರ್ತಿ ಒಣಗಿಸಿ. ಕೂದಲು ಅಂಟಿಸಿಬಿಟ್ಟಿರುವುದರಿಂದ ಮತ್ತೆ ಲೇತಿಗೆ (ಮರ ತಿರುಗಿಸಿ ಕಡೆಯುವ ಯಂತ್ರಕ್ಕೆ) ಕಟ್ಟಬೇಡಿ, ತಿರುಗುವಾಗ ಕೂದಲು ಸುತ್ತಿಕೊಂಡರೆ ಅಪಾಯ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಅರಗು ಒರೆಸಿ ತೆಗೆಯಿರಿ, 240 ನಂಬರಿನ, ಆಮೇಲೆ ಇನ್ನೂ ನಯವಾದ 400 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಕೈಯಿಂದಲೇ ಉಜ್ಜಿ. ಕೂದಲು ಕೂರುವ ಕುಳಿಯ ಅಂಚನ್ನು ಹತ್ತಿರದಿಂದ ನೋಡಿ: ಕೂದಲೆಳೆಯಷ್ಟು ಸಂದಿದ್ದರೂ ನೀರು ಅಲ್ಲಿಂದಲೇ ಇಳಿಯುತ್ತದೆ. ಆ ಸಂದಿಗೆ ಎಪಾಕ್ಸಿ ಅಂಟು ತುಂಬಿ. ಬಳಿಕ ಪಾಲಿಯುರೆಥೇನ್ ವಾರ್ನಿಷ್, ತೆಳ್ಳಗೆ ನಾಲ್ಕು ಕೋಟ್. ಪ್ರತಿ ಕೋಟೂ ಚೆನ್ನಾಗಿ ಒಣಗಲಿ. ಮುಂದಿನ ಹಿಡಿಗೆ ಕೂದಲು ಅಂಟಿಸುವ ಮೊದಲೇ ಕುಳಿಯ ಒಳಗೂ ವಾರ್ನಿಷ್ ಬಳಿಯಿರಿ.

ಹಿಡಿಯ ಬುಡದಲ್ಲಿರುವ ಗೆರೆ ಸೀಳೋ ಉಳಿಯ ಗುರುತೋ ಫೋಟೋದಲ್ಲಿ ತಿಳಿಯುತ್ತಿಲ್ಲ. ಉಗುರು ಎಳೆದಾಗ ಸಿಕ್ಕಿಕೊಂಡರೆ ಬಹುಶಃ ಸೀಳೇ. ಸೀಳಾಗಿದ್ದರೆ ಚೆನ್ನಾಗಿ ಒಣಗಿದ ಮರದಲ್ಲಿ ಹೊಸ ಹಿಡಿ ಕಡೆಯುವುದೇ ಸರಿ.